ಸಂಶೋಧನಾ ಅನುದಾನದ ಅರ್ಜಿ: ಯಾರು ಓದುತ್ತಾರೆ, ಹೇಗೆ ತೂಗುತ್ತಾರೆ, ಹಣ ಯಾವಾಗ ಬರುತ್ತದೆ

ಸರ್ಕಾರದ ಸಂಶೋಧನಾ ಅನುದಾನಕ್ಕೆ ಮೊದಲ ಸಲ ಅರ್ಜಿ ಬರೆಯುವ ಅಧ್ಯಾಪಕರು ಸಾಮಾನ್ಯವಾಗಿ ಒಬ್ಬನೇ ಓದುಗನನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ಆತ ತಮ್ಮ ವಿಷಯವನ್ನು ತಮ್ಮಷ್ಟೇ ಬಲ್ಲವನು, ಸಾವಧಾನವಾಗಿ ಕುಳಿತು ಕೊನೆಯ ಪುಟದವರೆಗೂ ಓದುವವನು. ಅಂಥ ಓದುಗ ಇಲ್ಲವೆಂದಲ್ಲ. ಆದರೆ ಅರ್ಜಿ ಅವನ ಕೈ ಸೇರುವ ಮುನ್ನ ಕಚೇರಿಯಲ್ಲಿ ಒಬ್ಬರು ಅದನ್ನು ನೋಡಿರುತ್ತಾರೆ. ಅವನು ಓದಿ ಮುಗಿಸಿದ ಮೇಲೆ ಸಮಿತಿಯೊಂದು ಕೆಲವೇ ನಿಮಿಷ ಅದರ ಮೇಲೆ ಕಣ್ಣಾಡಿಸುತ್ತದೆ. ಎಲ್ಲ ಮುಗಿಯಿತು ಎನ್ನುವಾಗ ಹಣಕಾಸು ವಿಭಾಗದವರು ಇನ್ನೊಮ್ಮೆ ತಿರುವಿ ಹಾಕುತ್ತಾರೆ. ಈ ನಾಲ್ವರೂ ಕೇಳುವ ಪ್ರಶ್ನೆಗಳು ಬೇರೆ ಬೇರೆ. ಒಬ್ಬರಿಗಾಗಿ ಬರೆದ ಅರ್ಜಿ ಉಳಿದ ಮೂವರ ಮುಂದೆ ಮೂಕವಾಗಿ ನಿಲ್ಲುತ್ತದೆ. ಹಲವು ವರ್ಷ ಅರ್ಜಿ ಹಾಕಿದವನಾಗಿ, ಆಮೇಲೆ ಕೆಲವು ವರ್ಷ ಇತರರ ಅರ್ಜಿಗಳನ್ನು ಓದಿದವನಾಗಿ ಈ ನಾಲ್ಕು ಓದುಗಳನ್ನು ಒಂದೊಂದಾಗಿ ವಿವರಿಸುತ್ತೇನೆ.

ಮೊದಲು, ಹಣ ಕೊಡುವವರು ಯಾರು ಎಂಬುದು ಸ್ಪಷ್ಟವಾಗಿರಲಿ. ವಿಜ್ಞಾನ ಮತ್ತು ಎಂಜಿನಿಯರಿಂಗ್ ಕ್ಷೇತ್ರಗಳಿಗೆ 2008ರ ಕಾಯ್ದೆಯ ಮೂಲಕ ಸ್ಥಾಪನೆಯಾದ ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ, ಅಂದರೆ ಎಸ್‌ಇಆರ್‌ಬಿ ಬಹುಕಾಲ ಪ್ರಮುಖ ಸಂಸ್ಥೆಯಾಗಿತ್ತು. 2023ರ ಕಾಯ್ದೆಯಂತೆ ಅದು ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಎಎನ್‌ಆರ್‌ಎಫ್‌ನಲ್ಲಿ ವಿಲೀನವಾಯಿತು. ಕಾಯ್ದೆ ಜಾರಿಗೆ ಬಂದದ್ದು 2024ರ ಫೆಬ್ರವರಿ 5ರಂದು. ಐದು ವರ್ಷಗಳಿಗೆ ಒಟ್ಟು 50,000 ಕೋಟಿ ರೂಪಾಯಿ ಎಂದು ಘೋಷಣೆಯಾದಾಗ ಅನೇಕರು ಹಿಗ್ಗಿದರು. ಆದರೆ ಅದರಲ್ಲಿ ಸರ್ಕಾರದ ಪಾಲು ಸುಮಾರು 14,000 ಕೋಟಿ ಮಾತ್ರ, ಉಳಿದದ್ದು ಉದ್ಯಮ ಮತ್ತು ದಾನಿಗಳಿಂದ ಬರಬೇಕೆಂಬ ನಿರೀಕ್ಷೆ ಎಂಬುದನ್ನು ಮರೆಯಬಾರದು. ಜೈವಿಕ ತಂತ್ರಜ್ಞಾನಕ್ಕೆ ಡಿಬಿಟಿ, ವೈದ್ಯಕೀಯಕ್ಕೆ ಐಸಿಎಂಆರ್, ಸಮಾಜವಿಜ್ಞಾನಗಳಿಗೆ 1969ರಲ್ಲಿ ಸ್ಥಾಪನೆಯಾದ ಐಸಿಎಸ್‌ಎಸ್‌ಆರ್, ಕರ್ನಾಟಕದ ಕಾಲೇಜುಗಳಿಗೆ ರಾಜ್ಯದ ವಿಜಿಎಸ್‌ಟಿ ಇವೆ. ಇವುಗಳ ನಮೂನೆಗಳು ಬೇರೆಯಾದರೂ ಅರ್ಜಿ ಸಾಗುವ ದಾರಿ ಬಹುಮಟ್ಟಿಗೆ ಒಂದೇ ಆದ್ದರಿಂದ ಇಲ್ಲಿ ಎಎನ್‌ಆರ್‌ಎಫ್ ಮಾದರಿಯನ್ನೇ ಮುಂದಿಟ್ಟುಕೊಳ್ಳುತ್ತೇನೆ.

ಯೋಜನೆಯ ಆಯ್ಕೆಯಲ್ಲೇ ಅರ್ಧ ಕೆಲಸವಿದೆ. ಹೊಸದಾಗಿ ಸೇವೆಗೆ ಸೇರಿದವರಿಗೆ ಪ್ರಧಾನಮಂತ್ರಿ ಅರ್ಲಿ ಕೆರಿಯರ್ ರಿಸರ್ಚ್ ಗ್ರಾಂಟ್ ಇದೆ; ಮೂರು ವರ್ಷಕ್ಕೆ ಸಂಸ್ಥೆಗೆ ಸಲ್ಲುವ ಓವರ್‌ಹೆಡ್ ಹೊರತುಪಡಿಸಿ 60 ಲಕ್ಷದವರೆಗೆ, ವಯೋಮಿತಿ ಸಾಮಾನ್ಯವಾಗಿ 42. ಗಣಿತದವರಿಗೆ ಪ್ರಯೋಗಾಲಯ ಬೇಕಿಲ್ಲವಾದ್ದರಿಂದ ವರ್ಷಕ್ಕೆ 2 ಲಕ್ಷದ ಮ್ಯಾಟ್ರಿಕ್ಸ್ ಯೋಜನೆ ರೂಪುಗೊಂಡಿತು. ರಾಜ್ಯ ವಿಶ್ವವಿದ್ಯಾಲಯಗಳ ಅಧ್ಯಾಪಕರು ಐಐಟಿಗಳವರೊಂದಿಗೆ ನೇರವಾಗಿ ಸೆಣಸಬೇಕಾಗದಂತೆ ಎಸ್‌ಇಆರ್‌ಬಿ ಕಾಲದಲ್ಲಿ ಶ್ಯೂರ್ ಯೋಜನೆ ಆರಂಭವಾಯಿತು. ಕಣ ಚಿಕ್ಕದಿದ್ದಷ್ಟೂ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಎಲ್ಲರಿಗೂ ತೆರೆದಿರುವ ದೊಡ್ಡ ಯೋಜನೆಗೆ ಮೊದಲ ವರ್ಷವೇ ನುಗ್ಗುವ ಬದಲು ನಿಮ್ಮ ವಯಸ್ಸಿಗೆ, ಸಂಸ್ಥೆಗೆ, ವಿಷಯಕ್ಕೆ ಒಪ್ಪುವ ಯೋಜನೆಯ ಪ್ರಕಟಣೆ ಬಂದಾಗ ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿ. ಮೊತ್ತ, ವಯಸ್ಸು, ದಿನಾಂಕಗಳು ಪ್ರತಿ ಪ್ರಕಟಣೆಗೂ ಬದಲಾಗುವುದುಂಟು, ಆದ್ದರಿಂದ ಕಳೆದ ವರ್ಷದ ಗೆಳೆಯರ ಮಾತನ್ನು ನೆಚ್ಚಬೇಡಿ.

ಮೊದಲ ಓದು: ಕಚೇರಿಯ ಮೇಜು

ಇಲ್ಲಿ ನಿಮ್ಮ ವಿಜ್ಞಾನವನ್ನು ಯಾರೂ ನೋಡುವುದಿಲ್ಲ. ನೋಡುವುದು ಅರ್ಹತೆ, ನಮೂನೆ, ಸಹಿ, ಮೊಹರು, ಪುಟಮಿತಿ, ಲಗತ್ತುಗಳು. ನನ್ನ ಮೊದಲ ಅರ್ಜಿ ಬಿದ್ದುಹೋದದ್ದು ಇಲ್ಲಿಯೇ. ಸಂಸ್ಥೆಯ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಬೇಕಾದ ಅಧಿಕಾರಿ ಊರಲ್ಲಿರಲಿಲ್ಲ, ಕೊನೆಯ ದಿನ ಸಂಜೆಯಾಗಿತ್ತು. ವಿಭಾಗದ ಮುಖ್ಯಸ್ಥರ ಸಹಿ ಹಾಕಿಸಿ ಕಳಿಸಿಬಿಟ್ಟೆ. ಸಂಸ್ಥೆಯ ಮುಖ್ಯಸ್ಥರ ಸಹಿಯೇ ಬೇಕೆಂದು ಪ್ರಕಟಣೆಯಲ್ಲಿ ಸ್ಪಷ್ಟವಾಗಿತ್ತು. ಮೂರು ತಿಂಗಳು ಕುಳಿತು ಬರೆದ ಪ್ರಸ್ತಾವನೆಯನ್ನು ಒಬ್ಬ ತಜ್ಞರೂ ತೆರೆದು ನೋಡದೆ ಅದು ಹೊರಬಿತ್ತು. ಅಂದಿನಿಂದ ಸಹಿ ಬೇಕಾದ ಕಾಗದಗಳನ್ನು ಪ್ರಸ್ತಾವನೆಗಿಂತ ಮೊದಲೇ ಸಿದ್ಧಪಡಿಸುವುದು ನನ್ನ ರೂಢಿ. ಪೋರ್ಟಲ್ ಕೊನೆಯ ದಿನ ನಿಧಾನವಾಗುವುದು ಎಲ್ಲರಿಗೂ ಗೊತ್ತಿರುವ ಸಂಗತಿಯಾದ್ದರಿಂದ ಆ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಅನುಮತಿಗಳ ವಿಷಯ ಮಾತ್ರ ಇಲ್ಲಿಯೇ ಹೇಳಿಬಿಡಬೇಕು. ಮನುಷ್ಯರ ಮೇಲಿನ ಅಧ್ಯಯನಕ್ಕೆ ನೀತಿ ಸಮಿತಿ, ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಪ್ರಾಣಿ ನೀತಿ ಸಮಿತಿ, ಜೀನ್ ಕ್ಲೋನಿಂಗ್ ಇದ್ದರೆ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ, ಸಂರಕ್ಷಿತ ಅರಣ್ಯದೊಳಗೆ ಮಾದರಿ ಸಂಗ್ರಹಕ್ಕೆ ಅರಣ್ಯ ಇಲಾಖೆ ಒಪ್ಪಿಗೆ ನೀಡಬೇಕು. ಇವೆಲ್ಲ ಅರ್ಜಿಯ ದಿನವೇ ಕೈಯಲ್ಲಿರಬೇಕೆಂದು ಪ್ರತಿ ಯೋಜನೆಯೂ ಕೇಳುವುದಿಲ್ಲ. ಆದರೆ ಯಾವುದು ಬೇಕು, ಯಾವಾಗ ಪಡೆಯುತ್ತೀರಿ ಎಂದು ಬರೆಯದ ಅರ್ಜಿಯನ್ನು ನೋಡಿದ ತಜ್ಞರು, ಈ ವ್ಯಕ್ತಿ ಈ ಕೆಲಸವನ್ನು ಹಿಂದೆ ಮಾಡಿಲ್ಲ ಎಂದು ತಕ್ಷಣ ಊಹಿಸುತ್ತಾರೆ.

ಎರಡನೆಯ ಓದು: ವಿಷಯತಜ್ಞರು

ಅರ್ಜಿಯನ್ನು ಆ ವಿಷಯ ಬಲ್ಲ ಕೆಲವು ಹೊರಗಿನ ತಜ್ಞರಿಗೆ ಕಳಿಸಲಾಗುತ್ತದೆ. ಅವರ ಹೆಸರು ನಿಮಗೆ ತಿಳಿಯುವುದಿಲ್ಲ, ನಿಮ್ಮ ಹೆಸರು ಅವರಿಗೆ ತಿಳಿದಿರುತ್ತದೆ. ಪ್ರಶ್ನೆ ಹೊಸದೇ, ಉದ್ದೇಶಗಳು ಸ್ಪಷ್ಟವೇ, ವಿಧಾನ ಆ ಉದ್ದೇಶಗಳನ್ನು ಮುಟ್ಟುತ್ತದೆಯೇ, ಈ ವ್ಯಕ್ತಿಯಿಂದ ಈ ಸ್ಥಳದಲ್ಲಿ ಇಷ್ಟು ಅವಧಿಯಲ್ಲಿ ಇದು ಸಾಧ್ಯವೇ, ಕೇಳಿದ ಹಣ ನ್ಯಾಯವೇ ಎಂಬ ಪ್ರಶ್ನೆಗಳಿಗೆ ಅವರು ಉತ್ತರ ಬರೆದು ಶಿಫಾರಸು ಮಾಡುತ್ತಾರೆ. ಅವರೂ ನಿಮ್ಮಂತೆಯೇ ಪಾಠ ಮಾಡುವ, ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರು. ರಾತ್ರಿ ಊಟವಾದ ಮೇಲೆ ಓದುತ್ತಾರೆ. ಮೊದಲ ಪುಟದಲ್ಲಿ ಪ್ರಶ್ನೆ ಸಿಗದಿದ್ದರೆ ಆರನೆಯ ಪುಟದಲ್ಲಿ ಅದನ್ನು ಹುಡುಕುವ ವ್ಯವಧಾನ ಅವರಿಗಿರುವುದಿಲ್ಲ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮಂಗಳೂರಿನ ಕಾಲೇಜೊಂದರ ಸಸ್ಯಶಾಸ್ತ್ರ ಅಧ್ಯಾಪಕಿಯೊಬ್ಬರು ಅಡಿಕೆಯ ಹಳದಿ ಎಲೆ ರೋಗದ ಮೇಲೆ ಕೆಲಸ ಮಾಡಬೇಕೆಂದಿದ್ದಾರೆ ಎಂದುಕೊಳ್ಳಿ. ಮೊದಲ ಕರಡಿನಲ್ಲಿ ಅವರು ಬರೆದ ಉದ್ದೇಶ ಹೀಗಿದೆ: 'ಮಲೆನಾಡಿನಲ್ಲಿ ಅಡಿಕೆ ಹಳದಿ ಎಲೆ ರೋಗದ ಸಮಗ್ರ ಅಧ್ಯಯನ ಮತ್ತು ನಿಯಂತ್ರಣೋಪಾಯಗಳನ್ನು ಕಂಡುಹಿಡಿಯುವುದು.' ಕೇಳಲು ಘನವಾಗಿದೆ. ಆದರೆ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ (ಸಿಪಿಸಿಆರ್‌ಐ) ಮತ್ತು ಅದರ ವಿಟ್ಲದ ಕೇಂದ್ರ ದಶಕಗಳಿಂದ ಈ ರೋಗದ ಮೇಲೆ ಕೆಲಸ ಮಾಡುತ್ತಿವೆ. ಅಷ್ಟು ದೊಡ್ಡ ಸಂಸ್ಥೆಗೆ ದಕ್ಕದ ನಿಯಂತ್ರಣವನ್ನು ಒಬ್ಬ ಅಧ್ಯಾಪಕಿ ಮೂರು ವರ್ಷದಲ್ಲಿ ಹೇಗೆ ತರುತ್ತಾರೆ ಎಂಬುದು ತಜ್ಞರು ಎತ್ತುವ ಮೊದಲ ಆಕ್ಷೇಪ. ಸಮಗ್ರ ಎಂಬ ಪದ ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುವ ಹಿರಿಯರೊಬ್ಬರನ್ನು ನಾನು ಬಲ್ಲೆ. ಅವರ ಸಿಟ್ಟು ಅನ್ಯಾಯದ್ದೆಂದು ನನಗನ್ನಿಸಿಲ್ಲ.

ಈಗ ತಿದ್ದಿದ ಉದ್ದೇಶ ನೋಡಿ: 'ಶೃಂಗೇರಿ, ಕೊಪ್ಪ ಮತ್ತು ಸುಳ್ಯ ತಾಲ್ಲೂಕುಗಳ ತಲಾ ಹತ್ತು ತೋಟಗಳಲ್ಲಿ, ತೋಟಕ್ಕೆ ಐದರಂತೆ ಗುರುತಿಸಿದ 150 ಮರಗಳಿಂದ ಎರಡು ವರ್ಷ, ವರ್ಷಕ್ಕೆ ಮೂರು ಋತುಗಳಲ್ಲಿ ಮಾದರಿ ಸಂಗ್ರಹಿಸಿ, ಎಲೆ ಹಳದಿಯಾಗುವ ಮುನ್ನವೇ ಫೈಟೋಪ್ಲಾಸ್ಮಾ ಪತ್ತೆಯಾಗುತ್ತದೆಯೇ, ಆಗುವುದಾದರೆ ಮರದ ಯಾವ ಭಾಗದಲ್ಲಿ ಎಂದು ಪರೀಕ್ಷಿಸುವುದು.' ಇಲ್ಲಿ ನಿಯಂತ್ರಣದ ಭರವಸೆಯಿಲ್ಲ. ಆದರೆ ಉತ್ತರ ಹೌದು ಎಂದು ಬಂದರೂ ಇಲ್ಲ ಎಂದು ಬಂದರೂ ಉಪಯೋಗಕ್ಕೆ ಬರುವ ಪ್ರಶ್ನೆಯಿದೆ. ಮರದಲ್ಲಿ ಫೈಟೋಪ್ಲಾಸ್ಮಾ ಎಂಬ ಈ ಬ್ಯಾಕ್ಟೀರಿಯಾದಂಥ ರೋಗಾಣುವಿನ ಪ್ರಮಾಣ ಕಡಿಮೆ, ಹಂಚಿಕೆಯೂ ಸಮವಲ್ಲ. ಹಾಗಾಗಿ ಒಂದು ಸುತ್ತಿನ ಸಾಮಾನ್ಯ ಪಿಸಿಆರ್‌ನಲ್ಲಿ, ಅಂದರೆ ರೋಗಾಣುವಿನ ಡಿಎನ್‌ಎಯನ್ನು ಪ್ರತಿಮಾಡಿ ಪತ್ತೆಹಚ್ಚುವ ಪರೀಕ್ಷೆಯಲ್ಲಿ, ಏನೂ ಕಾಣದಿರುವ ಸಂಭವವಿದೆ. ಕಾಣದಿದ್ದರೆ ಎರಡು ಸುತ್ತಿನ ನೆಸ್ಟೆಡ್ ಪಿಸಿಆರ್ ಅಥವಾ ರಿಯಲ್ ಟೈಮ್ ಪಿಸಿಆರ್ ಬಳಸುತ್ತೇವೆ ಎಂದು ಅರ್ಜಿಯಲ್ಲೇ ಬರೆಯಬೇಕು. ತಮ್ಮ ಯೋಜನೆ ಎಲ್ಲಿ ಮುಗ್ಗರಿಸಬಹುದು ಎಂದು ತಾವೇ ಹೇಳಿ ಪರ್ಯಾಯ ದಾರಿಯನ್ನೂ ತೋರಿಸುವವರ ಮೇಲೆ ತಜ್ಞರಿಗೆ ವಿಶ್ವಾಸ ಮೂಡುತ್ತದೆ. ದೌರ್ಬಲ್ಯ ಮುಚ್ಚಿಟ್ಟರೆ ಅವರೇ ಹುಡುಕಿ ತೆಗೆಯುತ್ತಾರೆ, ಆಗ ಅದು ಎರಡರಷ್ಟು ದೊಡ್ಡದಾಗಿ ಕಾಣುತ್ತದೆ.

ಸಿಪಿಸಿಆರ್‌ಐನ ಕೆಲಸವನ್ನು ಉಲ್ಲೇಖಿಸದೆ ಬಿಟ್ಟರೆ ಹೊಸತನ ಹೆಚ್ಚಾಗಿ ಕಾಣಬಹುದೆಂಬ ಆಸೆ ಬೇಡ. ಅರ್ಜಿ ಹೋಗುವುದು ಬಹುಶಃ ಆ ಕೆಲಸ ಮಾಡಿದವರ ಬಳಿಗೇ.

ಪ್ರಾಥಮಿಕ ಫಲಿತಾಂಶಗಳ ಬಗ್ಗೆ ಒಂದು ಮಾತು. ನಿಮ್ಮಲ್ಲಿ ಹತ್ತು ಮರಗಳ ದತ್ತಾಂಶವಿದ್ದರೂ ಪಿಸಿಆರ್ ಫಲಿತಾಂಶ ಪಟ್ಟೆಗಳಾಗಿ ಕಾಣುವ ಅದರ ಒಂದು ಜೆಲ್ ಚಿತ್ರವನ್ನು ಹಾಕಿ. ಈ ಕೈಗಳಿಗೆ ಈ ಕೆಲಸ ಬರುತ್ತದೆ ಎಂಬುದನ್ನು ಒಂದು ಚಿತ್ರ ತೋರಿಸುವಷ್ಟು ಎರಡು ಪುಟದ ವಿವರಣೆ ತೋರಿಸುವುದಿಲ್ಲ.

ಹಣದ ಪಟ್ಟಿ: ಎಲ್ಲರೂ ಓದುವ ಪುಟ

ನಾಲ್ವರು ಓದುಗರೂ ತಪ್ಪದೆ ತೆರೆಯುವ ಪುಟ ಬಜೆಟ್. ಅದನ್ನು ಕೊನೆಯ ರಾತ್ರಿ ಬರೆಯುವುದು ನಮ್ಮಲ್ಲಿ ಸಂಪ್ರದಾಯವೇ ಆಗಿಹೋಗಿದೆ. ಮೇಲಿನ ಉದಾಹರಣೆಯಲ್ಲೇ ಮುಂದುವರಿಯೋಣ. 150 ಮರ, ಮೂರು ಋತು, ಎರಡು ವರ್ಷ ಎಂದರೆ, ಪ್ರತಿ ಸಲ ಮರಕ್ಕೆ ಒಂದೇ ಮಾದರಿ ಹಿಡಿದರೂ, 900 ಮಾದರಿಗಳು. ಎರಡು ಸುತ್ತಿನ ಪಿಸಿಆರ್ ಎಂದರೆ 1,800 ಪ್ರತಿಕ್ರಿಯೆಗಳು, ಅದರ ಮೇಲೆ ಹೋಲಿಕೆಗೆಂದು ಇಡುವ ನಿಯಂತ್ರಣ ಮಾದರಿಗಳು. ರಾಸಾಯನಿಕಗಳಿಗೆ ಕೇಳುವ ಮೊತ್ತ ಈ ಸಂಖ್ಯೆಯಿಂದ ಹುಟ್ಟಬೇಕು. 'ರಾಸಾಯನಿಕ ಮತ್ತು ಗಾಜಿನ ಸಾಮಗ್ರಿ: 6 ಲಕ್ಷ' ಎಂಬ ಒಂಟಿ ಸಾಲು ಯಾರನ್ನೂ ಒಪ್ಪಿಸುವುದಿಲ್ಲ. ಮೂರು ತಾಲ್ಲೂಕು, ಮೂರು ಋತು, ಎರಡು ವರ್ಷಕ್ಕೆ 18 ಕ್ಷೇತ್ರ ಪ್ರವಾಸಗಳು. ಪ್ರಯಾಣದ ಮೊತ್ತ ಅದರಿಂದ ಬರಲಿ.

ಸಂಶೋಧನಾ ಸಹಾಯಕರ ವೇತನದಲ್ಲಿ ಊಹೆಗೆ ಎಡೆಯಿಲ್ಲ, ಏಕೆಂದರೆ ದರಗಳನ್ನು ಸರ್ಕಾರವೇ ನಿಗದಿಪಡಿಸಿದೆ. 2023ರ ಜನವರಿ 1ರಿಂದ ಅನ್ವಯವಾಗುವಂತೆ ಜೆಆರ್‌ಎಫ್‌ಗೆ, ಅಂದರೆ ಕಿರಿಯ ಸಂಶೋಧನಾ ಫೆಲೋಗೆ, ತಿಂಗಳಿಗೆ 37,000, ಹಿರಿಯ ಫೆಲೋ ಆದ ಎಸ್‌ಆರ್‌ಎಫ್‌ಗೆ 42,000 ರೂಪಾಯಿ. ಒಬ್ಬರಿಗೆ ಮೊದಲ ಎರಡು ವರ್ಷಕ್ಕೆ ಜೆಆರ್‌ಎಫ್ ದರದಲ್ಲಿ 8,88,000, ಮೂರನೆಯ ವರ್ಷಕ್ಕೆ ಎಸ್‌ಆರ್‌ಎಫ್ ದರದಲ್ಲಿ 5,04,000, ಒಟ್ಟು 13,92,000. ಮಂಗಳೂರಿಗೆ ಮನೆಬಾಡಿಗೆ ಭತ್ಯೆಯನ್ನು ಶೇ. 20ರಂತೆ ಹಿಡಿದರೆ 16,70,400. ಹಳೆಯ ದರ ಹಾಕಿದ ಅರ್ಜಿಯನ್ನು ಯಾರೂ ತಿರಸ್ಕರಿಸುವುದಿಲ್ಲ ನಿಜ, ಆದರೆ ಕೊರತೆಯಾದ ಹಣವನ್ನು ಆಮೇಲೆ ಯಾರೂ ತುಂಬಿಕೊಡುವುದೂ ಇಲ್ಲ.

ಯಂತ್ರೋಪಕರಣಗಳ ವಿಷಯದಲ್ಲಿ ಜಗಳ ಹೆಚ್ಚು. ಆ ಅಧ್ಯಾಪಕಿ ರಿಯಲ್ ಟೈಮ್ ಪಿಸಿಆರ್ ಯಂತ್ರ ಕೇಳಿದರೆ, ಕೋವಿಡ್ ಬಂದುಹೋದ ಮೇಲೆ ಆ ಯಂತ್ರ ಇಲ್ಲದ ಊರು ಯಾವುದಿದೆ ಎಂದು ಸಮಿತಿಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ದೇಶದ ಸಂಸ್ಥೆಗಳಲ್ಲಿರುವ ಉಪಕರಣಗಳನ್ನು ಹೊರಗಿನ ಸಂಶೋಧಕರಿಗೂ ಒದಗಿಸುವ ಐ-ಸ್ಟೆಮ್ ಪೋರ್ಟಲ್ 2020ರ ಜನವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಆರಂಭವಾಯಿತು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿರುವ ಸೈಫ್‌ನಂಥ ಕೇಂದ್ರಗಳೂ ಶುಲ್ಕ ಪಡೆದು ಮಾದರಿಗಳನ್ನು ಪರೀಕ್ಷಿಸಿಕೊಡುತ್ತವೆ. ಸಿಗುವ ಯಂತ್ರಕ್ಕೆ ಬಳಕೆ ಶುಲ್ಕವನ್ನು ಬಜೆಟ್‌ನಲ್ಲಿ ಸೇರಿಸಿ. ನಿಜಕ್ಕೂ ಕೊಳ್ಳಲೇಬೇಕಾದ ಒಂದಕ್ಕೆ ಮಾತ್ರ, ಹತ್ತಿರ ಎಲ್ಲಿದೆ, ಏಕೆ ಅದು ಸಾಲದು ಎಂದು ಬರೆದು ಹಣ ಕೇಳಿ. ಹಸಿ ಎಲೆಯ ಮಾದರಿ ಕೆಡದಂತೆ ಕಾಪಿಡುವ ಡೀಪ್ ಫ್ರೀಜರ್ ಕೇಳಿದರೆ ಯಾರೂ ತಕರಾರು ಮಾಡಲಾರರು.

ಕತ್ತರಿ ಬೀಳುತ್ತದೆಂದು ಮೊದಲೇ ಮೊತ್ತ ಉಬ್ಬಿಸಿ ಬರೆಯುವ ಅಭ್ಯಾಸವೂ ಉಂಟು. ತರಕಾರಿ ಸಂತೆಯ ಈ ಚೌಕಾಸಿಯನ್ನು ಸಮಿತಿಯವರು ಚೆನ್ನಾಗಿ ಬಲ್ಲರು, ಉಬ್ಬಿದ ಬಜೆಟ್ ಕಂಡರೆ ಉಳಿದ ಅಂಕಿಗಳನ್ನೂ ಶಂಕಿಸುತ್ತಾರೆ. ಅದರ ಬದಲು, ಶೇ. 20ರಷ್ಟು ಕಡಿತವಾದರೆ ಯಾವ ತಾಲ್ಲೂಕನ್ನು ಕೈಬಿಡುತ್ತೀರಿ ಎಂಬುದನ್ನು ಮನಸ್ಸಿನಲ್ಲಿ ತೀರ್ಮಾನಿಸಿಟ್ಟುಕೊಳ್ಳಿ. ಮುಂದೆ ಸಮಿತಿಯೆದುರು ಯೋಜನೆ ಮಂಡಿಸಲು ಕರೆ ಬಂದರೆ ಆ ಉತ್ತರ ಬೇಕಾಗುತ್ತದೆ.

ಮೂರನೆಯ ಓದು: ಸಮಿತಿಯ ಕೆಲವು ನಿಮಿಷ

ತಜ್ಞರ ವರದಿಗಳು ಬಂದ ಮೇಲೆ ಅರ್ಜಿ ವಿಷಯವಾರು ಸಮಿತಿಯ ಮುಂದೆ ಬರುತ್ತದೆ. ಜೀವವಿಜ್ಞಾನದ ಸಮಿತಿ ಎಂದರೆ ಅಲ್ಲಿ ಕೀಟತಜ್ಞರು, ಜೀವರಸಾಯನ ಬಲ್ಲವರು, ಸಸ್ಯರೋಗ ತಜ್ಞರು ಎಲ್ಲರೂ ಇರುತ್ತಾರೆ. ನಿಮ್ಮ ವಿಷಯವನ್ನು ಆಳವಾಗಿ ಬಲ್ಲವರು ಒಬ್ಬರೋ ಇಬ್ಬರೋ. ಮೇಜಿನ ಮೇಲೆ ಅಂದೇ ಮುಗಿಸಬೇಕಾದ ಹತ್ತಾರು ಅರ್ಜಿಗಳಿರುತ್ತವೆ. ನಿಮ್ಮ ಅರ್ಜಿಯ ಹೊಣೆ ಹೊತ್ತ ಸದಸ್ಯರು ಸಾರಾಂಶ ಹೇಳುತ್ತಾರೆ, ತಜ್ಞರ ಅಭಿಪ್ರಾಯಗಳನ್ನು ಓದುತ್ತಾರೆ, ಒಂದೆರಡು ಪ್ರಶ್ನೆ ಏಳುತ್ತವೆ. ಅರ್ಜಿದಾರರು ತಮ್ಮದೇ ಸಂಸ್ಥೆಯವರಾದರೆ ಅಥವಾ ಸಹಲೇಖಕರಾದರೆ ಆ ಸದಸ್ಯರು ಚರ್ಚೆಯಿಂದ ದೂರ ಉಳಿಯಬೇಕೆಂಬುದು ನಿಯಮ.

ನಿಮ್ಮ ಪರವಾಗಿ ಮಾತನಾಡುವ ಆ ಸದಸ್ಯರ ಕೈಗೆ ನೀವು ಏನು ಕೊಟ್ಟಿದ್ದೀರಿ ಎಂಬುದು ಇಲ್ಲಿ ಮುಖ್ಯ. ಅವರು ಸಸ್ಯರೋಗ ತಜ್ಞರಲ್ಲದಿರಬಹುದು. ಸಾರಾಂಶದ ಮೊದಲ ನಾಲ್ಕು ವಾಕ್ಯಗಳನ್ನು ಅವರು ಹಾಗೆಯೇ ಓದಿ ಹೇಳಿದರೆ ಪಕ್ಕದ ಕೀಟತಜ್ಞರಿಗೆ ಅರ್ಥವಾಗುತ್ತದೆಯೇ? ನಾನು ಅನುಸರಿಸುವ ಉಪಾಯವೊಂದಿದೆ. ಅರ್ಜಿಯನ್ನು ಇಂಗ್ಲಿಷಿನಲ್ಲಿ ಬರೆಯಬೇಕಾದರೂ, ಅದರ ತಿರುಳನ್ನು ಮೊದಲು ಬೇರೆ ವಿಭಾಗದ ಗೆಳೆಯರೊಬ್ಬರಿಗೆ ಕ್ಯಾಂಟೀನಿನಲ್ಲಿ ಕಾಫಿ ಆರುವಷ್ಟರಲ್ಲಿ ಕನ್ನಡದಲ್ಲಿ ಹೇಳಿ ನೋಡುತ್ತೇನೆ. 'ಮರ ಹಳದಿಯಾದ ಮೇಲೆ ರೋಗ ಗೊತ್ತಾಗಿ ಏನು ಪ್ರಯೋಜನ, ಮೊದಲೇ ಗೊತ್ತಾಗುತ್ತದೆಯೇ ಎಂದು ನೋಡುತ್ತೇವೆ' ಎಂಬ ಮಾತು ಹಾಗೆ ಹೊರಬರುತ್ತದೆ. ಅದನ್ನೇ ಸಾರಾಂಶದ ತಲೆಯಲ್ಲಿ ಕೂರಿಸಿ. ಪರಿಭಾಷೆಯ ಮರೆಯಲ್ಲಿ ಅವಿತಿದ್ದ ಗೊಂದಲ ಕನ್ನಡದಲ್ಲಿ ಹೇಳುವಾಗ ಬಯಲಾಗುತ್ತದೆ ಎಂಬುದು ಇದರ ಇನ್ನೊಂದು ಲಾಭ.

ತಜ್ಞರಲ್ಲಿ ಒಬ್ಬರು ಹೊಗಳಿ ಇನ್ನೊಬ್ಬರು ತೆಗಳುವುದು ಅಪರೂಪವಲ್ಲ. ಆಗ ಸಮಿತಿ ವರದಿಗಳ ಸರಾಸರಿ ತೆಗೆಯುವುದಕ್ಕಿಂತ ಯಾರ ಆಕ್ಷೇಪಕ್ಕೆ ಆಧಾರವಿದೆ ಎಂದು ನೋಡಬೇಕು. ಒಳ್ಳೆಯ ಸಮಿತಿಗಳು ಹಾಗೆಯೇ ಮಾಡುತ್ತವೆ. ಆಮೇಲೆ ಶ್ರೇಣಿ ಸಿದ್ಧವಾಗುತ್ತದೆ, ಹಣ ಮುಗಿದ ಕಡೆ ಗೆರೆ ಬೀಳುತ್ತದೆ. ಆ ಗೆರೆಯ ತುಸು ಮೇಲಿನ ಅರ್ಜಿಗೂ ತುಸು ಕೆಳಗಿನ ಅರ್ಜಿಗೂ ಗುಣದಲ್ಲಿ ವ್ಯತ್ಯಾಸ ಹೇಳುವುದು ಬಲು ಕಷ್ಟ. ಇದನ್ನು ಒಪ್ಪಿಕೊಂಡೇ ನ್ಯೂಜಿಲೆಂಡಿನ ಆರೋಗ್ಯ ಸಂಶೋಧನಾ ಮಂಡಳಿ 2013ರಲ್ಲಿ ಒಂದು ಬಗೆಯ ಅನುದಾನಕ್ಕೆ ಚೀಟಿ ಎತ್ತುವ ಪದ್ಧತಿ ತಂದಿತು. ಸ್ವಿಸ್ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವೂ ಸಮಬಲದ ಅರ್ಜಿಗಳಿಗೆ ಅದಕ್ಕೆ ಅವಕಾಶ ಕೊಟ್ಟಿದೆ. ನಮ್ಮ ಸಮಿತಿಗಳು ಚೀಟಿ ಎತ್ತುವುದಿಲ್ಲ, ವಾದ ಮಾಡುತ್ತವೆ. ಜಿಡಿಪಿಯ ಶೇ. 0.64ರಷ್ಟನ್ನು ಮಾತ್ರ ಸಂಶೋಧನೆಗೆ ವೆಚ್ಚ ಮಾಡುವ ದೇಶದಲ್ಲಿ ಆ ಗೆರೆ ಬೇಗನೆ ಬೀಳುತ್ತದೆ ಎಂಬುದು ಮಾತ್ರ ಯಾವ ವಾದದಿಂದಲೂ ಬದಲಾಗದು.

ನಾಲ್ಕನೆಯ ಓದು: ಹಣಕಾಸು ವಿಭಾಗ

ಸಮಿತಿ ಶಿಫಾರಸು ಮಾಡುತ್ತದೆಯೇ ಹೊರತು ಮಂಜೂರು ಮಾಡುವುದಿಲ್ಲ. ಪಟ್ಟಿಯಲ್ಲಿ ಹೆಸರು ಕಂಡಕೂಡಲೇ ಜೆಆರ್‌ಎಫ್ ಹುದ್ದೆಗೆ ಜಾಹೀರಾತು ಕೊಟ್ಟು ಆಮೇಲೆ ಪೇಚಿಗೆ ಸಿಕ್ಕವರನ್ನು ಕಂಡಿದ್ದೇನೆ. ಪರಿಷ್ಕೃತ ಬಜೆಟ್, ಸಂಸ್ಥೆಯ ಬ್ಯಾಂಕ್ ವಿವರ, ಸರ್ಕಾರದ ಹಣ ಪಾವತಿ ಜಾಲವಾದ ಪಿಎಫ್‌ಎಂಎಸ್‌ನಲ್ಲಿ ನೋಂದಣಿ ಇವೆಲ್ಲ ಸರಿಯಾಗಿ, ಹಣಕಾಸು ಸಮ್ಮತಿ ದೊರೆತು, ಮಂಜೂರಾತಿ ಆದೇಶ ಕೈಸೇರುವವರೆಗೆ ಒಂದು ರೂಪಾಯಿಯ ವೆಚ್ಚಕ್ಕೂ ಕೈಹಾಕಬೇಡಿ.

ಆದೇಶ ಬಂದ ದಿನವೇ ಅದನ್ನು ನಿಮ್ಮ ಸಂಸ್ಥೆಯ ಹಣಕಾಸು ಅಧಿಕಾರಿಯ ಜೊತೆ ಕುಳಿತು ಓದಿ. ಬಂಡವಾಳ ವೆಚ್ಚ, ಅಂದರೆ ಉಪಕರಣದ ಹಣ ಒಂದು ಶೀರ್ಷಿಕೆಯಲ್ಲಿ, ಸಾಮಾನ್ಯ ವೆಚ್ಚ ಇನ್ನೊಂದರಲ್ಲಿ ಇರುತ್ತದೆ. ಫ್ರೀಜರ್‌ಗೆಂದು ಕೊಟ್ಟದ್ದರಲ್ಲಿ ಉಳಿದ ಹಣದಿಂದ ಪಿಸಿಆರ್‌ಗೆ ಬೇಕಾದ ಪ್ರೈಮರ್ ಕೊಳ್ಳಲು ಅನುಮತಿ ಬೇಕು. 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಅನುದಾನದ ಮೇಲೆ ಬಂದ ಬಡ್ಡಿ ನಿಮ್ಮದಲ್ಲ, ಸಂಸ್ಥೆಯದೂ ಅಲ್ಲ, ಅದನ್ನು ಭಾರತದ ಸಂಚಿತ ನಿಧಿಗೆ ಕಟ್ಟಬೇಕು. ಖರೀದಿಯ ನಿಯಮಗಳಲ್ಲಿ 2025ರ ಜೂನ್‌ನಲ್ಲಿ ಸ್ವಲ್ಪ ಸಡಿಲಿಕೆ ಬಂದಿದೆ: ವೈಜ್ಞಾನಿಕ ಸಂಸ್ಥೆಗಳಿಗೆ ಕೊಟೇಶನ್ ಇಲ್ಲದೆ ನೇರವಾಗಿ ಕೊಳ್ಳುವ ಮಿತಿ 1 ಲಕ್ಷದಿಂದ 2 ಲಕ್ಷಕ್ಕೆ, ಖರೀದಿ ಸಮಿತಿಯ ಮೂಲಕ ಕೊಳ್ಳುವ ಮಿತಿ 10 ಲಕ್ಷದಿಂದ 25 ಲಕ್ಷಕ್ಕೆ ಏರಿದೆ. ಇದು ನಿಮ್ಮ ಸಂಸ್ಥೆಗೆ ಅನ್ವಯಿಸುತ್ತದೆಯೇ ಎಂಬುದನ್ನು ಮಾತ್ರ ಲಿಖಿತವಾಗಿ ಕೇಳಿಕೊಳ್ಳಿ.

ಎರಡನೆಯ ಕಂತು ಬರುವುದು ಬಳಕೆ ಪ್ರಮಾಣಪತ್ರ, ಅಂದರೆ ಎಲ್ಲರೂ ಯುಸಿ ಎನ್ನುವ ಕಾಗದ ಹೋದ ಮೇಲೆ. ಅದು ನಿಗದಿತ ನಮೂನೆಯಲ್ಲಿ, ಖರ್ಚಿನ ವಿವರಪಟ್ಟಿಯೊಂದಿಗೆ, ಹಣಕಾಸು ಅಧಿಕಾರಿಯ ಸಹಿಯೊಂದಿಗೆ ಹೋಗಬೇಕು. ಯುಸಿ ತಡವಾದರೆ ಕಂತು ತಡವಾಗುತ್ತದೆ, ಕಂತು ತಡವಾದರೆ ಸಂಶೋಧನಾ ವಿದ್ಯಾರ್ಥಿಯ ವೇತನ ನಿಲ್ಲುತ್ತದೆ. ಈ ಸರಪಳಿಯಲ್ಲಿ ಹೆಚ್ಚು ನೋವುಣ್ಣುವವರು ಆ ವಿದ್ಯಾರ್ಥಿಗಳೇ. ಹಣಕಾಸು ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆ. ಏಪ್ರಿಲ್ ಮೊದಲ ವಾರ ಲೆಕ್ಕಪತ್ರ ವಿಭಾಗದಲ್ಲಿ ಜಾತ್ರೆ ನೆರೆಯುವ ಮುನ್ನವೇ ನಿಮ್ಮ ವೋಚರುಗಳು ಜೋಡಿಸಿ ಸಿದ್ಧವಾಗಿರಲಿ.

ಅರ್ಜಿ ತಿರಸ್ಕೃತವಾದರೆ ಏನು ಮಾಡಬೇಕು? ತಜ್ಞರ ಟಿಪ್ಪಣಿ ಸಿಗುವುದಾದರೆ ತಪ್ಪದೆ ಪಡೆಯಿರಿ. ಬಂದ ದಿನ ಒಮ್ಮೆ ಓದಿ, ಸಿಟ್ಟು ಇಳಿಯಲು ಬಿಟ್ಟು, ವಾರದ ನಂತರ ಮತ್ತೆ ಓದಿ. 'ಹೊಸತನವಿಲ್ಲ' ಎಂಬ ಮಾತಿಗೆ ಹಲವು ಸಲ ಹೊಸತನ ಕಾಣುವ ಜಾಗದಲ್ಲಿ ಬರೆದಿಲ್ಲ ಎಂದರ್ಥ. 'ವಿಧಾನ ಅಸ್ಪಷ್ಟ' ಎಂದಿದ್ದರೆ ಮಾದರಿಗಳ ಸಂಖ್ಯೆ ಎಲ್ಲಿಂದ ಬಂತೆಂದು ತೋರಿಸಿಲ್ಲ ಎಂದರ್ಥ. ಟಿಪ್ಪಣಿಯಲ್ಲಿ ನಿಜವಾದ ತಪ್ಪು ತಿಳಿವಳಿಕೆ ಇದ್ದರೂ ಮುಂದಿನ ಅರ್ಜಿಯಲ್ಲಿ ವಾದ ಹೂಡಬೇಡಿ, ಏಕೆಂದರೆ ಅದನ್ನು ಓದುವವರು ಬೇರೆಯವರು. ಆ ತಪ್ಪು ತಿಳಿವಳಿಕೆಗೆ ಎಡೆಮಾಡಿಕೊಟ್ಟ ವಾಕ್ಯ ಯಾವುದೆಂದು ಹುಡುಕಿ ಅದನ್ನು ಬದಲಿಸಿ. ನಡುವಿನ ಅವಧಿಯಲ್ಲಿ ಒಂದೇ ತಾಲ್ಲೂಕಿನ, ಸುಳ್ಯವೇ ಇರಲಿ, ಹತ್ತು ತೋಟಗಳಿಂದ ಒಂದು ಋತುವಿನ ಮಾದರಿಗಳನ್ನಾದರೂ ಸಂಗ್ರಹಿಸಿ ಪರೀಕ್ಷಿಸಿಡಿ. ಮುಂದಿನ ಪ್ರಕಟಣೆ ಬರುವಾಗ ಆ ಐವತ್ತು ಮರಗಳ ಫಲಿತಾಂಶ ಅರ್ಜಿಯ ಎರಡನೆಯ ಪುಟದಲ್ಲಿರಲಿ.